ನಾಲ್ಕಣ್ಣನ ರೇಸು

ನಾಲ್ಕಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಅದನ್ನು ಯಾರಾದರೂ ಕೂಗಿದರೆ ಅವನೇ ಹಿಂದೆ ತಿರುಗಿ, ಯಾರನ್ನು ಕರೆಯುತ್ತಿದ್ದಾರಪ್ಪ ಎಂದು ನೋಡುತ್ತಿದ್ದ. ಆ ಅಂಚೆ ಕಚೇರಿಯ ರೂಢಿಯೇ ಹಾಗೆ. ಒಂಬತ್ತು ಬೀಟು, ಕಾಗದ ಹಂಚುವವರು ಒಂಬತ್ತು ಜನ, ಯಾರು ಯಾವ ಬೀಟಿಗೆ ಹೋಗುತ್ತಾರೋ ಆ ಅಂಕಿಯೇ ಅವರ ಹೆಸರು. ಮಾರುಕಟ್ಟೆಯ ಬೀಟಿನವನು ಎರಡಣ್ಣ. ಬೀದಿಗೆ ಏಳೆಂಟು ನಾಯಿಗಳಿರುವ ಬೀಟಿನವನು ಆರಣ್ಣ. ನಮ್ಮ ನಾಯಕ ಇಪ್ಪತ್ತೊಂದು ವರ್ಷದಿಂದ ನಾಲ್ಕಣ್ಣ.

ನಾಲ್ಕನೇ ಬೀಟು ಎಂದರೆ ಐದು ದೊಡ್ಡ ಕಟ್ಟಡಗಳು, ಅಷ್ಟೇ. ಒಂದೊಂದಕ್ಕೂ ಎರಡೆರಡು ಲಿಫ್ಟು, ಕೆಳಗೆ ತಣ್ಣಗಿನ ಕಲ್ಲಿನ ನೆಲ, ನೆಲದ ಮೇಲೊಂದು ಸೋಫಾ. ನಾಲ್ಕಣ್ಣ ಲಿಫ್ಟಿನಲ್ಲಿ ಕನ್ನಡಿ ನೋಡಿ ಮೀಸೆ ಸರಿಮಾಡಿಕೊಳ್ಳುತ್ತಾ ಮೇಲಕ್ಕೆ ಹೋಗುತ್ತಿದ್ದ, ಕಾಗದ ಹಂಚುತ್ತಾ ಇಳಿದು ಬರುತ್ತಿದ್ದ. ಹನ್ನೊಂದು ಗಂಟೆಗೆ ಚೀಲ ಖಾಲಿ. ಹೀಗಾಗಿ ‘ಅತಿ ವೇಗದ ಬಟವಾಡೆ’ಯ ಪ್ರಶಸ್ತಿಪತ್ರ ಸತತ ಏಳು ವರ್ಷ ಅವನಿಗೇ ಬಂದಿತ್ತು. ಏಳನ್ನೂ ಕಟ್ಟು ಹಾಕಿಸಿ ಕಚೇರಿಯ ಗೋಡೆಗೆ ತೂಗುಹಾಕಿದ್ದರು. ಪ್ರತಿ ಸಲವೂ ನಾಲ್ಕಣ್ಣ ಎರಡು ಮಾತು ಆಡುತ್ತಿದ್ದ. "ವೇಗ ಅನ್ನೋದು ಕಾಲಲ್ಲಿಲ್ಲ, ಮನಸ್ಸಿನಲ್ಲಿದೆ" ಎನ್ನುವುದು ಮೊದಲನೆಯದು. ಎರಡನೆಯದು ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು.

ಈ ಮಾತು ಕೇಳುವ ಭಾಗ್ಯ ಒಂಬತ್ತಕ್ಕನಿಗೆ ಮಾತ್ರ ಒಮ್ಮೆಯೂ ಸಿಕ್ಕಿರಲಿಲ್ಲ. ಅವಳ ಬೀಟು ಗುಡ್ಡದ ಮೇಲಿತ್ತು. ಅಲ್ಲಿಗೆ ರಸ್ತೆಯಿಲ್ಲ, ಇನ್ನೂರ ಹನ್ನೆರಡು ಮೆಟ್ಟಿಲು, ಮೆಟ್ಟಿಲ ಎರಡೂ ಕಡೆ ಮನೆಗಳು. ಪ್ರಶಸ್ತಿ ಕೊಡುವ ಸಭೆ ಮೂರಕ್ಕೆ ನಡೆದರೆ ಅವಳು ವಾಪಸು ಬರುವುದು ನಾಲ್ಕಕ್ಕೆ. ವಯಸ್ಸಿನಲ್ಲಿ ನಾಲ್ಕಣ್ಣನಿಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಕೆಲಸಕ್ಕೆ ಕೊನೆಯಲ್ಲಿ ಸೇರಿದ್ದರಿಂದ ಕೊನೆಯಲ್ಲಿ ಉಳಿದ ಬೀಟು ಅವಳ ಪಾಲಿಗೆ ಬಂದಿತ್ತು. ಮೂರು ವರ್ಷಕ್ಕೊಮ್ಮೆ ಬೀಟು ಆರಿಸಿಕೊಳ್ಳುವ ಕ್ರಮ, ಹಿರಿಯರಿಗೆ ಮೊದಲ ಅವಕಾಶ. ಎಲ್ಲರಿಗಿಂತ ಹಿರಿಯ ನಾಲ್ಕಣ್ಣ. ಯಾರೂ ಕೇಳುವ ಮೊದಲೇ ಅವನು "ನಾಲ್ಕು" ಎಂದುಬಿಡುತ್ತಿದ್ದ.

ಈ ಸಲ ಬೀಟು ಆರಿಸುವ ಹೊತ್ತಿಗೆ ಹೊಸ ಪೋಸ್ಟ್ ಮಾಸ್ಟರ್ ಬಂದಿದ್ದರು. ಎಳೆ ವಯಸ್ಸು, ಇಸ್ತ್ರಿ ಕೆಡದ ಅಂಗಿ, ಮೊನ್ನೆಯಷ್ಟೇ ಮುಗಿಸಿದ ಐದು ದಿನದ ತರಬೇತಿ. ತರಬೇತಿಯಿಂದ ಬಂದ ಅಧಿಕಾರಿ ಎಷ್ಟು ಅಪಾಯಕಾರಿ ಎಂಬುದು ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು.

"ಹಿರಿತನದ ಪದ್ಧತಿ ಇವತ್ತಿಗೆ ರದ್ದು" ಎಂದರು ಅವರು. "ಮೊದಲು ಬಂದೋರಿಗೆ ಯಾವಾಗ್ಲೂ ಒಳ್ಳೇದು, ಆಮೇಲೆ ಬಂದೋರಿಗೆ ಯಾವಾಗ್ಲೂ ಕೆಟ್ಟದ್ದು. ಇದು ಯಾವ ನ್ಯಾಯ? ಈ ಸಲ ಚೀಟಿ ಎತ್ತೋಣ."

ನಾಲ್ಕಣ್ಣ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಒಂಬತ್ತು ಚೀಟಿಯಲ್ಲಿ ತನ್ನದು ಒಂದು. ಮೆಟ್ಟಿಲುಗಳು ಕಣ್ಣಮುಂದೆ ಬಂದವು. ಬಲಮಂಡಿ ಕುಳಿತಲ್ಲೇ ಒಮ್ಮೆ ಮಿಡಿಯಿತು. ಇಂಥ ಗಳಿಗೆಯಲ್ಲಿ ಜಾಣರು ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಾರೆ. ಆದರೆ ನಾಲ್ಕಣ್ಣ ಹಿಂದಿನ ಸಂಜೆ ಮನೆಯಲ್ಲಿ ವಿಡಿಯೋ ಗೇಮ್ ಆಡಿ, ತನ್ನ ಅತ್ತೆಯನ್ನು ಕಾರ್ ರೇಸಿನಲ್ಲಿ ಸತತ ಮೂವತ್ತನಾಲ್ಕನೇ ಸಲ ಸೋಲಿಸಿದ್ದ. ಅದರ ಅಮಲು ಇನ್ನೂ ಇಳಿದಿರಲಿಲ್ಲ.

"ಸರ್, ಚೀಟಿ ಅಂದ್ರೆ ಬರೀ ಅದೃಷ್ಟ. ಅದರಲ್ಲಿ ನ್ಯಾಯ ಎಲ್ಲಿಂದ ಬಂತು? ಸಾಮರ್ಥ್ಯ ನೋಡ್ಬೇಕು."

"ಹೇಗೆ ನೋಡೋದು?"

"ವಿಡಿಯೋ ಗೇಮ್ ಸರ್! ಕಾರ್ ರೇಸು. ಎಲ್ಲರಿಗೂ ಒಂದೇ ಥರ ಕಾರು, ಒಂದೇ ರಸ್ತೆ, ಒಂದೇ ಗೆರೆಯಿಂದ ಹೊರಡೋದು. ಅಲ್ಲಿ ಹಿರಿಯ ಕಿರಿಯ ಇಲ್ಲ, ಆ ಮನೆಯವನು ಈ ಮನೆಯವನು ಅಂತಿಲ್ಲ. ಕೈ ಚುರುಕಾಗಿದ್ದೋನು ಗೆದ್ದ, ಇಲ್ಲದೋನು ಸೋತ. ಪ್ರಪಂಚದಲ್ಲಿ ನ್ಯಾಯ ಅಂತ ಉಳಿದಿದ್ರೆ ಅದು ಆ ಪೆಟ್ಟಿಗೆಯೊಳಗೆ ಮಾತ್ರ ಸರ್."

ಎರಡಣ್ಣ ಮೂಗು ಮುರಿದ. ಆರಣ್ಣ ಮೇಜಿನ ಕೆಳಗಿಂದ ನಾಲ್ಕಣ್ಣನ ಕಾಲು ತುಳಿದ. ಪೋಸ್ಟ್ ಮಾಸ್ಟರ್ ಮಾತ್ರ ಎದ್ದು ನಿಂತುಬಿಟ್ಟಿದ್ದರು.

"ತರಬೇತಿಯ ಮೂರನೇ ದಿನ ಇದನ್ನೇ ಹೇಳಿದ್ರು! ಆಟದಲ್ಲಿ ಸಮಾನತೆ ಅಂತ ಒಂದು ಗಂಟೆ ಪಾಠ. ನನಗೆ ಅವತ್ತು ಅರ್ಥ ಆಗಿರ್ಲಿಲ್ಲ, ಇವತ್ತು ಆಯ್ತು. ಬರೋ ವಾರ ಬಿಟ್ಟು ಅದರ ಮುಂದಿನ ಭಾನುವಾರ ರೇಸು. ಗೆದ್ದ ಕ್ರಮದಲ್ಲಿ ಬೀಟು ಆರಿಸ್ಕೊಳ್ಳಿ."

ಹೀಗೆ ನಾಲ್ಕಣ್ಣ ತನ್ನ ಕೈಯಾರೆ ತನ್ನ ಹಳ್ಳ ತೋಡಿಕೊಂಡ. ಆದರೆ ಆ ಹೊತ್ತಿಗೆ ಅವನಿಗೆ ಅದು ಸಿಂಹಾಸನಕ್ಕೆ ಅಡಿಪಾಯದಂತೆ ಕಾಣುತ್ತಿತ್ತು.

ಆಟದ ಪೆಟ್ಟಿಗೆ ನಾಲ್ಕಣ್ಣನ ಅತ್ತೆಯದು. ಆಕೆ ಮೂವತ್ತು ವರ್ಷ ಟೈಪಿಂಗ್ ಟೀಚರ್ ಆಗಿದ್ದವರು. ನಿವೃತ್ತಿಯಾದ ಮೇಲೆ ಬೆರಳುಗಳು ಸುಮ್ಮನಿರಲಾರದೆ ಹಿಟ್ಟಿನ ಡಬ್ಬಿ, ಕುರ್ಚಿಯ ಕೈ, ಅಳಿಯನ ಬೆನ್ನು, ಎಲ್ಲದರ ಮೇಲೂ ಟಕಟಕ ಬಡಿಯಲು ಶುರುಮಾಡಿದಾಗ ಮಗಳೇ ಅದನ್ನು ತಂದುಕೊಟ್ಟಿದ್ದಳು. ಟಿವಿಗೆ ಅದನ್ನು ಸಿಕ್ಕಿಸಿ, ಮೊಬೈಲನ್ನು ಎರಡೂ ಕೈಯಲ್ಲಿ ಅಡ್ಡಡ್ಡ ಹಿಡಿದು ಸ್ಟೇರಿಂಗಿನಂತೆ ತಿರುಗಿಸುತ್ತಾ ಆಡಬೇಕು.

"ಅತ್ತೆ, ಇವತ್ತಿಂದ ಅಭ್ಯಾಸ ಜೋರಾಗಿರ್ಲಿ" ಎಂದ ನಾಲ್ಕಣ್ಣ, ಶೂ ಬಿಚ್ಚುತ್ತಲೇ. "ಬೀಟು ಹಂಚೋದಕ್ಕೆ ರೇಸು ಇಟ್ಟಿದ್ದಾರೆ. ನಾನೇ ಹೇಳ್ಕೊಟ್ಟೆ."

ಅತ್ತೆಯ ಮುಖ ಒಮ್ಮೆಲೇ ಸಣ್ಣದಾಯಿತು. ಅವರು ಮಗಳ ಕಡೆ ನೋಡಿದರು. ಮಗಳು ಒಲೆಯ ಕಡೆ ನೋಡಿದಳು.

"ಅಳಿಯಂದಿರೇ, ರೇಸಿನಲ್ಲಿ ಸಹಾಯ ಇಟ್ಕೊಂಡು ಆಡ್ತೀರೋ, ತೆಗೆದು ಆಡ್ತೀರೋ?"

"ಯಾವ ಸಹಾಯ?"

ಅಡುಗೆಮನೆಯಲ್ಲಿ ಒಂದು ಸೌಟು ಕೆಳಗೆ ಬಿತ್ತು.

ಅತ್ತೆ ಟೀಚರ್ ಆಗಿದ್ದವರು, ಕೆಟ್ಟ ಅಂಕವನ್ನು ಮುಖಕ್ಕೆ ಹೇಳಿ ಅಭ್ಯಾಸವಿತ್ತು. "ಆಟದಲ್ಲಿ ಸಹಾಯ ಅಂತ ಒಂದು ಗುಂಡಿ ಇದೆ. ಅದನ್ನ ಹಾಕಿದ್ರೆ ನಿಮ್ಮ ಕಾರು ರಸ್ತೆ ಬಿಟ್ಟು ಹೋಗಲ್ಲ. ತಿರುವು ಬಂದಾಗ ತಾನೇ ತಿರುಗತ್ತೆ. ನೀವು ಹಿಂದೆ ಬಿದ್ರೆ ಮುಂದಿರೋರ ಕಾರು ನಿಮಗೋಸ್ಕರ ನಿಧಾನ ಆಗತ್ತೆ. ಮೊದಲನೇ ದಿನ ನೀವು ಸೋತು ಊಟ ಬಿಟ್ರಲ್ಲ, ಅವತ್ತೇ ನಿಮ್ಮ ಹೆಸರಿಗೆ ಹಾಕಿಟ್ಟೆ. ಮನೇಲಿ ನೆಮ್ಮದಿ ಇರ್ಲಿ ಅಂತ."

"ಮೂವತ್ತನಾಲ್ಕು ಸಲಾನೂ?"

"ಮೂವತ್ತನಾಲ್ಕು ಸಲಾನೂ."

ನಾಲ್ಕಣ್ಣ ಹೆಂಡತಿಯ ಕಡೆ ತಿರುಗಿದ. "ನಿನಗೂ ಗೊತ್ತಿತ್ತಾ?"

"ನನಗೇನು ಗೊತ್ತಿಲ್ಲಪ್ಪ. ಎದುರು ಮನೆಯೋರಿಗೆ ಗೊತ್ತಿತ್ತು" ಎಂದಳು ಆಕೆ.

ಆ ಸಂಜೆ ಸಹಾಯ ತೆಗೆದು ಆಡಿದ. ಆ ಆಟದಲ್ಲಿ ಒಂದು ಕೆರೆ ಇದೆ, ಕೆರೆಯ ಮೇಲೆ ಒಂದು ಸೇತುವೆ ಇದೆ. ಇಷ್ಟು ದಿನ ಸೇತುವೆಯ ಮೇಲೆ ಸಿಳ್ಳೆ ಹಾಕುತ್ತಾ ಹೋಗುತ್ತಿದ್ದ ನಾಲ್ಕಣ್ಣ ಅವತ್ತು ಹನ್ನೊಂದು ಸಲ ಕೆರೆಗೆ ಬಿದ್ದ. ಹನ್ನೆರಡನೇ ಸಲ ಕೆರೆ ತಪ್ಪಿಸಿಕೊಳ್ಳಲು ಹೋಗಿ ಗೆರೆಯಿಂದ ಹಿಮ್ಮುಖವಾಗಿ ಹೊರಟ. ಅತ್ತೆ ಅಳಿಯನಿಗೆ ಬೇಸರವಾಗದಿರಲಿ ಎಂದು ಒಂದು ಕೈಯಲ್ಲಿ ಬಟ್ಟೆ ಮಡಿಸುತ್ತಾ ಇನ್ನೊಂದು ಕೈಯಲ್ಲಿ ಆಡಿದರು. ಆದರೂ ಅವರೇ ಗೆದ್ದರು.

ಅವನಿಗೆ ನಿಜವಾಗಿಯೂ ಭಯವಾಯಿತು. ಮಾರನೆಯ ದಿನ ಬೀಟು ಮುಗಿದ ಮೇಲೆ ಗುಡ್ಡದ ಬುಡಕ್ಕೆ ಹೋಗಿ ನಿಂತು ಮೆಟ್ಟಿಲು ಎಣಿಸಿದ. ಅರವತ್ತರವರೆಗೆ ಕಣ್ಣಿಗೆ ಕಂಡಿತು, ಆಮೇಲಿನವು ತಿರುವಿನಲ್ಲಿ ಮರೆಯಾಗಿದ್ದವು. ಪರೀಕ್ಷೆಗೆಂದು ಹತ್ತು ಮೆಟ್ಟಿಲು ಹತ್ತಿದ. ಮಂಡಿ ಕಟಕ್ ಎಂದಿತು. ಇಳಿಯುವಾಗ ಅದಕ್ಕಿಂತ ಜೋರಾಗಿ ಎಂದಿತು. ಐವತ್ತನಾಲ್ಕನೇ ವಯಸ್ಸಿನಲ್ಲಿ ಇದನ್ನು ದಿನಾ ಹತ್ತುವುದೆಂದರೇನು? ಜೊತೆಗೆ ನಾಲ್ಕು ಹೋದರೆ ಹೆಸರೂ ಹೋಗುತ್ತದೆ. ಇಪ್ಪತ್ತೊಂದು ವರ್ಷ ಕಷ್ಟಪಟ್ಟು ಗಳಿಸಿದ ಹೆಸರು!

ಸೀದಾ ಕಚೇರಿಗೆ ಹೋಗಿ ಒಂದು ಅರ್ಜಿ ಬರೆದ. ‘ನನ್ನ ಬೆರಳುಗಳ ಸ್ವಾಭಾವಿಕ ಮಂದಗತಿಯನ್ನು ಪರಿಗಣಿಸಿ, ರೇಸಿನಲ್ಲಿ ನನಗೆ ಸಹಾಯದ ಸೌಲಭ್ಯವನ್ನು ಒದಗಿಸಿಕೊಡಬೇಕಾಗಿ ವಿನಂತಿ.’ ಸಹಾಯ ಎಂದರೇನೆಂದು ಬಾಯಲ್ಲೂ ವಿವರಿಸಿದ.

ಪೋಸ್ಟ್ ಮಾಸ್ಟರ್ ಅದನ್ನು ಎರಡು ಸಲ ಓದಿದರು. "ನ್ಯಾಯವಾದ ಬೇಡಿಕೆ. ಹಿಂದೆ ಬಿದ್ದೋರಿಗೆ ಕೈ ಕೊಡೋದೇ ನಿಜವಾದ ನ್ಯಾಯ ಅಂತ ನಾಲ್ಕನೇ ದಿನ ಹೇಳಿದ್ರು. ಆದ್ರೆ ನಿಮಗೊಬ್ರಿಗೇ ಕೊಟ್ರೆ ಪಕ್ಷಪಾತ ಆಗತ್ತೆ."

ಸಂಜೆಯೊಳಗೆ ನೋಟಿಸ್ ಬೋರ್ಡಿನಲ್ಲಿ ಪ್ರಕಟಣೆ ಬಂತು. ಸಹಾಯ ಬೇಕಾದವರು ಕಾರಣ ಸಮೇತ ಅರ್ಜಿ ಹಾಕುವುದು. ಅರ್ಜಿ ಸ್ವೀಕರಿಸುವ ವೇಳೆ ಮಧ್ಯಾಹ್ನ ಎರಡರಿಂದ ಮೂರು. ವಿಚಾರಣೆ ಸ್ಥಳದಲ್ಲೇ.

ಅಲ್ಲಿಂದ ಆ ಕಚೇರಿಯಲ್ಲಿ ಶುರುವಾದದ್ದು ಜಗತ್ತಿನಲ್ಲಿ ಇನ್ನೆಲ್ಲೂ ನಡೆದಿರಲಾರದ ಸ್ಪರ್ಧೆ. ಎಲ್ಲರಿಗಿಂತ ನಾನೇ ದಡ್ಡ ಎಂದು ಸಾಬೀತು ಮಾಡುವ ಸ್ಪರ್ಧೆ. ಪೋಸ್ಟ್ ಮಾಸ್ಟರ್ ಮೇಜಿನ ಆ ಕಡೆ, ಅಪರಾಧಿಗಳಂತೆ ಒಬ್ಬೊಬ್ಬರೇ ಈ ಕಡೆ, ಪಕ್ಕದಲ್ಲಿ ಹೇಳಿಕೆ ಬರೆದುಕೊಳ್ಳಲು ಹೆಡ್ ಕ್ಲಾರ್ಕ್.

ಆರಣ್ಣ ನಾಯಿ ಕಚ್ಚಿದ ಹೆಬ್ಬೆರಳನ್ನು ಬ್ಯಾಂಡೇಜ್ ಸಮೇತ ತಂದ. ಕಚ್ಚಿ ಆರು ವರ್ಷವಾಗಿತ್ತು, ಬ್ಯಾಂಡೇಜ್ ಮಾತ್ರ ಹೊಸದು. ಐದಣ್ಣ ಸಾಕ್ಷಿಗೆ ಹೆಂಡತಿಯನ್ನೇ ಕರೆತಂದ. ಆಕೆ, "ಇವರ ಕೈಗೆ ಒಂದು ಬಲ್ಬು ಕೊಟ್ರೆ ಹಳೇದನ್ನ ಒಡೀತಾರೆ, ಹೊಸದನ್ನೂ ಒಡೀತಾರೆ" ಎಂದು ಶುರುಮಾಡಿ ಮುಕ್ಕಾಲು ಗಂಟೆ ನಿಲ್ಲಿಸಲಿಲ್ಲ. ಇಷ್ಟೊಂದು ಸಾಕ್ಷ್ಯ ಐದಣ್ಣನಿಗೂ ಬೇಕಾಗಿರಲಿಲ್ಲ.

ಎರಡಣ್ಣ ಎಲ್ಲರನ್ನೂ ಮೀರಿಸಿದ. "ಸರ್, ನನಗೆ ಎಡ ಬಲ ತಿಳಿಯಲ್ಲ."

"ಹದಿನೈದು ವರ್ಷದಿಂದ ಕಾಗದ ಹಂಚ್ತಿದ್ದೀರಲ್ರೀ!"

"ಬಲಗಡೆಯವರದ್ದು ಎಡಗಡೆಗೆ ಹಾಕ್ತೀನಿ ಸರ್, ಎಡಗಡೆಯವರದ್ದು ಬಲಗಡೆಗೆ. ಸಂಜೆ ಅವರೇ ಬದಲಾಯಿಸ್ಕೋತಾರೆ. ಆ ಬೀದೀಲಿ ಎಲ್ರೂ ತುಂಬಾ ಅನ್ಯೋನ್ಯವಾಗಿದ್ದಾರೆ ಸರ್, ನನ್ನಿಂದ."

ಹೆಡ್ ಕ್ಲಾರ್ಕ್ ತಲೆ ಎತ್ತದೆ ಅದನ್ನೂ ಬರೆದುಕೊಂಡರು. ಎರಡಣ್ಣನಿಗೆ ಪೂರ್ತಿ ಸಹಾಯ ಮಂಜೂರಾಯಿತು.

ಕೊನೆಗೆ ನಾಲ್ಕಣ್ಣನ ಸರದಿ. ಪೋಸ್ಟ್ ಮಾಸ್ಟರ್ ಅವನ ತಲೆಯ ಮೇಲಿಂದ ಗೋಡೆಯ ಕಡೆ ನೋಡುತ್ತಿದ್ದರು. ಗೋಡೆಯ ಮೇಲೆ ಏಳು ಪ್ರಶಸ್ತಿಪತ್ರಗಳು ಥಳಥಳ ಹೊಳೆಯುತ್ತಿದ್ದವು.

"ನಿಮ್ಮದೇ ನನಗೆ ಅರ್ಥ ಆಗ್ತಿಲ್ಲ. ವೇಗದಲ್ಲಿ ಏಳು ವರ್ಷ ನೀವೇ ಮೊದಲು. ನಿಮಗೆ ಮಂದಗತಿ ಅಂದ್ರೆ ಯಾರು ನಂಬ್ತಾರೆ?"

"ಅದು... ನನ್ನ ವೇಗ ಅಲ್ಲ ಸರ್."

"ಮತ್ತಿನ್ಯಾರದ್ದು?"

ನಾಲ್ಕಣ್ಣ ಗೋಡೆ ನೋಡಿದ, ನೆಲ ನೋಡಿದ, ತನ್ನ ಮಂಡಿ ನೋಡಿಕೊಂಡ. "ಲಿಫ್ಟಿಂದು ಸರ್."

ಹೆಡ್ ಕ್ಲಾರ್ಕರ ಪೆನ್ನು ನಿಂತಿತು. ಬಾಗಿಲ ಸಂದಿಯಲ್ಲಿ ಕಿವಿಯಿಟ್ಟಿದ್ದ ಆರಣ್ಣ, "ಹೇಳಿಬಿಟ್ಟ!" ಎಂದು ಹಿಂದಿನವರಿಗೆ ಸುದ್ದಿ ದಾಟಿಸಿದ.

"ಬಿಡಿಸಿ ಹೇಳಿ."

"ಎಲ್ಲಾ ಕಟ್ಟಡಕ್ಕೂ ಲಿಫ್ಟಿದೆ ಸರ್. ಮೇಲೆ ಹೋಗೋದು ಲಿಫ್ಟು, ಇಳಿದು ಬರೋದು ಭೂಮಿ ಎಳೆಯೋದರಿಂದ. ನನ್ನ ಪಾತ್ರ ಕಮ್ಮಿ. ಒಂದು ಮೂಟೆಗೆ ಟೋಪಿ ಹಾಕಿ ಆ ಬೀಟಿಗೆ ಕಳಿಸಿದ್ರೂ ಹನ್ನೊಂದೂವರೆಗೆ ಮುಗಿಸಿಕೊಂಡು ಬರತ್ತೆ."

"ನೀವು ಎಷ್ಟಕ್ಕೆ ಮುಗಿಸ್ತೀರಿ?"

"ಹನ್ನೊಂದಕ್ಕೆ ಸರ್" ಎಂದ ನಾಲ್ಕಣ್ಣ. ಎಷ್ಟಾದರೂ ಮೂಟೆಗಿಂತ ಅರ್ಧ ಗಂಟೆ ಮುಂದಿರಬೇಕೆಂಬ ಅಭಿಮಾನ ಅವನಲ್ಲಿ ಇನ್ನೂ ಉಳಿದಿತ್ತು.

"ಆಮೇಲೆ?"

"ಕೆಳಗೆ ಒಂದು ಸೋಫಾ ಇದೆ ಸರ್."

ಸಹಿ ಹಾಕುವಾಗ ಕೈ ನಡುಗಿದ್ದರಿಂದ ಅದನ್ನೂ ಮಂದಗತಿಗೆ ಪುರಾವೆಯಾಗಿ ಸೇರಿಸಿಕೊಂಡರು. ಪೂರ್ತಿ ಸಹಾಯ ಮಂಜೂರಾಯಿತು. ಹೊರಗೆ ಬಂದಾಗ ಎರಡಣ್ಣ ಹೆಗಲು ತಟ್ಟಿ, "ವೇಗ ಮನಸ್ಸಿನಲ್ಲಿದೆ ಅಂತಿದ್ಯಲ್ಲ. ಮನಸ್ಸು ಯಾವ ಕಂಪನಿಯದ್ದು, ಎಷ್ಟು ಜನ ಹಿಡಿಸತ್ತೆ?" ಎಂದು ಕೇಳಿದ.

ಒಂಬತ್ತು ಜನರಲ್ಲಿ ಎಂಟು ಅರ್ಜಿ ಬಂದಿದ್ದವು, ಎಂಟೂ ಮಂಜೂರಾಗಿದ್ದವು. ಶನಿವಾರ ಸಂಜೆ ನಾಲ್ಕಕ್ಕೆ ಒಂಬತ್ತಕ್ಕ ಚೀಲ ಇಳಿಸಿ ನಲ್ಲಿಗೆ ಬಾಯಿಟ್ಟು ನೀರು ಕುಡಿಯುತ್ತಿದ್ದಾಗ ನಾಲ್ಕಣ್ಣ ಹತ್ತಿರ ಹೋದ.

"ಏನಮ್ಮ, ನೀನು ಅರ್ಜಿ ಹಾಕಿಲ್ವಂತೆ? ಆಡೋಕೆ ಚೆನ್ನಾಗಿ ಬರತ್ತಾ ನಿನಗೆ?"

"ಮುಟ್ಟೇ ಇಲ್ಲ ನಾಲ್ಕಣ್ಣ. ಅರ್ಜಿ ತಗೊಳ್ಳೋದು ಎರಡರಿಂದ ಮೂರು. ಆಗ ನಾನು ಇಳೀತಾ ಇರ್ತೀನಿ, ನೂರೈವತ್ತನೇ ಮೆಟ್ಟಿಲಲ್ಲೋ ನೂರಲ್ಲೋ."

"ಒಂದಿನ ಬೇಗ ಬರ್ಬೇಕಿತ್ತು."

"ಬೇಗ ಬರೋಕಾಗೋ ಬೀಟಾಗಿದ್ರೆ ನನಗೆ ಸಹಾಯ ಯಾಕೆ ಬೇಕಿತ್ತು?" ಎಂದು ಅವಳು ನಕ್ಕಳು. ನಕ್ಕಿದ್ದರಿಂದ ನಾಲ್ಕಣ್ಣನಿಗೆ ಇನ್ನಷ್ಟು ಕಸಿವಿಸಿಯಾಯಿತು. ಬೈದಿದ್ದರೆ ವಾಸಿಯಿತ್ತು.

ಪೋಸ್ಟ್ ಮಾಸ್ಟರ್ ಇನ್ನೂ ಒಳಗೇ ಇದ್ದರು. ಎದ್ದು ಹೋಗಿ, ಸರ್, ಇವಳದ್ದೊಂದು ಅರ್ಜಿ ತಗೊಳ್ಳಿ ಎಂದರೆ ಮುಗಿಯುತ್ತಿತ್ತು. ನಾಲ್ಕಣ್ಣ ಬಾಗಿಲವರೆಗೆ ಹೋದ. ಆಗ ಮಂಡಿ ಕಟಕ್ ಎಂದಿತು. ಅಲ್ಲಿಂದಲೇ ತಿರುಗಿ ಮನೆಗೆ ಹೊರಟ. ದಾರಿಯುದ್ದಕ್ಕೂ, ಅವಳಿನ್ನೂ ಚಿಕ್ಕವಳು, ಚಿಕ್ಕವಳು ಎಂದು ತನಗೆ ತಾನೇ ಹೇಳಿಕೊಂಡ. ಚಿಕ್ಕವರಿಗೆ ಮಂಡಿ ಇರುವುದಿಲ್ಲವೆಂದು ಅವನಿಗೆ ಯಾರು ಹೇಳಿದ್ದರೋ ತಿಳಿಯದು.

ಭಾನುವಾರ ಬೆಳಗ್ಗೆ ಹತ್ತಕ್ಕೆ, ಕಾಗದ ವಿಂಗಡಿಸುವ ಕೋಣೆಯಲ್ಲಿ ರೇಸು. ಗೋಡೆಯ ಮೇಲೆ ಬಿಳಿ ಬಟ್ಟೆ ಕಟ್ಟಿ ಚಿತ್ರ ಬೀಳುವಂತೆ ಮಾಡಿದ್ದರು. ಒಂಬತ್ತು ಜನ ಒಂಬತ್ತು ಮೊಬೈಲು ಹಿಡಿದು ಬೆಂಚುಗಳ ಮೇಲೆ ಕೂತರು. ಯಂತ್ರದ ಗುಟ್ಟು ಬಲ್ಲವರು ಬೇರೆ ಯಾರೂ ಇಲ್ಲವಾದ್ದರಿಂದ ತೀರ್ಪುಗಾರರು ನಾಲ್ಕಣ್ಣನ ಅತ್ತೆ. ಅವರು ಪಟ್ಟಿ ನೋಡಿಕೊಂಡು ಎಂಟು ಹೆಸರಿಗೆ ಸಹಾಯ ಹಾಕಿದರು. ಒಂಬತ್ತನೇ ಹೆಸರಿಗೆ ಬಂದಾಗ ಕನ್ನಡಕ ಮೇಲೆ ಮಾಡಿ, "ಈ ಹುಡುಗಿಗೆ ಬೇಡ್ವಾ?" ಎಂದರು.

"ಅರ್ಜಿ ಬಂದಿಲ್ಲ" ಎಂದರು ಹೆಡ್ ಕ್ಲಾರ್ಕ್.

ನಾಲ್ಕಣ್ಣ ತನ್ನ ಮೊಬೈಲಿನಲ್ಲಿ ಏನೋ ಧೂಳು ಕಂಡವನಂತೆ ಒರೆಸತೊಡಗಿದ.

ಸೀಟಿ ಕೂಗಿತು. ಎಂಟು ಕಾರುಗಳು ಹೊರಟವು. ಒಂಬತ್ತನೆಯದು ಗರಗರ ಸುತ್ತಿ, ಹುಲ್ಲಿಗೆ ಇಳಿದು, ಒಂದು ಮರಕ್ಕೆ ಗುದ್ದಿ ನಿಂತಿತು. ನಾಲ್ಕಣ್ಣ ಹಲ್ಲು ಕಚ್ಚಿ ಮೊಬೈಲನ್ನು ಎಡಕ್ಕೆ ವಾಲಿಸಿದ, ಬಲಕ್ಕೆ ವಾಲಿಸಿದ, ಸೇತುವೆ ಬಂದಾಗ ಉಸಿರು ಬಿಗಿಹಿಡಿದು ಎದ್ದೇ ನಿಂತ. ಕಾರು ಅವನ ಯಾವ ಕಸರತ್ತಿಗೂ ಕಿವಿಗೊಡದೆ ತನ್ನ ಪಾಡಿಗೆ ಸೇತುವೆ ದಾಟಿತು. ಪಕ್ಕದಲ್ಲಿ ಎರಡಣ್ಣ ಮೊಬೈಲನ್ನು ಬೆಂಚಿನ ಮೇಲಿಟ್ಟು ಚಹಾ ಕುಡಿಯುತ್ತಿದ್ದ. ಅವನ ಕಾರೂ ದಾಟಿತು.

ಎರಡನೇ ಸುತ್ತಿನಲ್ಲಿ ಒಂದು ವಿಚಿತ್ರ ಕಾಣಿಸಿತು. ಎಂಟೂ ಕಾರು ಸಾಲಾಗಿ, ಒಂದಕ್ಕೊಂದು ಅಂಟಿಕೊಂಡು, ನಿಧಾನವಾಗಿ ಹೋಗತೊಡಗಿದವು. ಆರಣ್ಣನ ಕಾರು ಕೊಂಚ ಹಿಂದೆ ಬಿದ್ದರೆ ಏಳೂ ಕಾರು ಅವನಿಗಾಗಿ ನಿಧಾನವಾಗುವವು. ಅಷ್ಟರಲ್ಲಿ ಐದಣ್ಣ ಹಿಂದೆ ಬೀಳುವನು, ಅವನಿಗಾಗಿ ಮತ್ತೆ ಎಲ್ಲರೂ ನಿಧಾನ. ಮೂರನೇ ಸುತ್ತಿಗೆ ರೇಸು ಮೆರವಣಿಗೆಯಾಗಿತ್ತು.

"ಇದೇನಿದು, ನಡೆದುಕೊಂಡು ಹೋಗೋರಿಗಿಂತ ನಿಧಾನ!" ಎಂದರು ಪೋಸ್ಟ್ ಮಾಸ್ಟರ್.

"ಎಲ್ಲರಿಗೂ ಪೂರ್ತಿ ಸಹಾಯ ಕೊಟ್ಟಿದ್ದೀರಲ್ಲ" ಎಂದರು ಅತ್ತೆ. "ಎಲ್ಲರೂ ಎಲ್ಲರಿಗೋಸ್ಕರ ಕಾಯ್ತಾ ಇದ್ದಾರೆ."

"ಆ ಒಂಬತ್ತನೇ ಕಾರಿಗೆ?"

"ಅದಕ್ಕೆ ಸಹಾಯ ಇಲ್ಲ. ಅದಕ್ಕೋಸ್ಕರ ಯಾರೂ ಕಾಯಲ್ಲ."

ಒಂಬತ್ತಕ್ಕ ಅಷ್ಟರಲ್ಲಿ ಐದು ಸಲ ಕೆರೆಗೆ ಬಿದ್ದಿದ್ದಳು. ಬಿದ್ದಾಗಲೆಲ್ಲ ತುಟಿ ಬಿಗಿಹಿಡಿದು ಎದ್ದು ಬರುತ್ತಿದ್ದಳು. ಆರನೇ ಸಲ ಅವಳ ಕಾರು ಸೇತುವೆಯ ಅಂಚನ್ನು ಉಜ್ಜಿಕೊಂಡು ದಾಟಿತು. ಏಳನೇ ಸಲ ನಡುಮಧ್ಯದಲ್ಲೇ ಹೋಯಿತು. ಅತ್ತೆಯ ಬೆರಳುಗಳು ಮೇಜಿನ ಮೇಲೆ ಟಕಟಕ ಎನ್ನತೊಡಗಿದವು. ಅದು ಅವರು ಒಳ್ಳೆಯ ವಿದ್ಯಾರ್ಥಿಯನ್ನು ಕಂಡಾಗಿನ ಸದ್ದೆಂದು ನಾಲ್ಕಣ್ಣನಿಗೆ ಗೊತ್ತಿತ್ತು.

ಕೊನೆಯ ಗೆರೆ ಒಂದು ಮಾರು ದೂರವಿದೆ ಎನ್ನುವಾಗ ಎಂಟೂ ಕಾರು ನಿಂತೇಬಿಟ್ಟವು. ಯಾವುದೂ ಇನ್ನೊಂದಕ್ಕಿಂತ ಮುಂದೆ ಹೋಗುವ ಹಾಗಿಲ್ಲ, ಪಾಪ. ನಾಲ್ಕಣ್ಣ ಮೊಬೈಲನ್ನು ಕುಲುಕಿದ, ಅದರ ಬೆನ್ನಿಗೆ ಗುದ್ದಿದ, "ಹೋಗೋ, ಹೋಗಪ್ಪ, ನನ್ನ ರಾಜ" ಎಂದು ಬೇಡಿಕೊಂಡ. ಹಿಂದಿನಿಂದ ಒಂಬತ್ತಕ್ಕನ ಕಾರು, ಗುದ್ದಾಟದಲ್ಲಿ ಬಾಗಿಲೊಂದು ಕಳೆದುಕೊಂಡು, ಪೂರ್ತಿ ವೇಗದಲ್ಲಿ ಬಂತು. ಇವಳನ್ನೂ ತಡೆಯಬೇಕಲ್ಲವೇ ಎಂದು ಯಂತ್ರ ಯೋಚಿಸುವಷ್ಟರಲ್ಲಿ ಗೆರೆ ದಾಟಿಹೋಗಿತ್ತು. ಆಮೇಲೆ ಎಂಟು ಕಾರುಗಳೂ ಕೈ ಕೈ ಹಿಡಿದವರಂತೆ ಒಟ್ಟಿಗೇ ದಾಟಿದವು.

ಅತ್ತೆ ಒಬ್ಬರೇ ಚಪ್ಪಾಳೆ ತಟ್ಟಿದರು.

"ಯಾವ ಬೀಟು?" ಎಂದರು ಪೋಸ್ಟ್ ಮಾಸ್ಟರ್.

ಕಥೆಗಳಲ್ಲಿ ಇಂಥ ಹೊತ್ತಿನಲ್ಲಿ ಒಳ್ಳೆಯವರು ಹಿರಿಯರ ಮುಖ ನೋಡಿ, ನನಗೆ ಹಳೆಯದೇ ಇರಲಿ ಎಂದುಬಿಡುತ್ತಾರೆ. ನಾಲ್ಕಣ್ಣ ಅದಕ್ಕೆ ಬೇಕಾದಂಥ ಮುಖವನ್ನು ಸಿದ್ಧಮಾಡಿಕೊಂಡೇ ಕೂತಿದ್ದ.

"ನಾಲ್ಕು" ಎಂದಳು ಒಂಬತ್ತಕ್ಕ.

ಉಳಿದ ಎಂಟು ಜನ ಸರಿಸಮ. ಮೊದಲ ಆಯ್ಕೆ ಯಾರಿಗೆ, ಕೊನೆಯದು ಯಾರಿಗೆ? ಪೋಸ್ಟ್ ಮಾಸ್ಟರ್ ಹೇಳಿಕೆಗಳ ಕಡತ ತರಿಸಿ ಹಾಳೆ ತಿರುವಿದರು. ಒಂದು ಹಾಳೆಯ ಹತ್ತಿರ ನಿಂತರು. ಅದರ ಕೆಳಗೆ ನಡುಗುವ ಕೈಯ ಒಂದು ಸಹಿ ಇತ್ತು.

"ಇದರ ಪ್ರಕಾರ ನಾಲ್ಕಣ್ಣನವರು ಇಪ್ಪತ್ತೊಂದು ವರ್ಷದಿಂದ ಲಿಫ್ಟಿನ ಸಹಾಯ ಪಡೀತಾನೇ ಬಂದಿದ್ದಾರೆ. ಅವರೇ ಸಹಿ ಹಾಕಿಕೊಟ್ಟಿದ್ದಾರೆ. ಆದ್ದರಿಂದ ಉಳಿದ ಏಳು ಜನ ಮೊದಲು ಆರಿಸ್ಕೊಳ್ಳಲಿ."

ಏಳು ಜನ ಏಳು ಬೀಟು ಆರಿಸಿಕೊಂಡರು. ಆರಣ್ಣ ನಾಯಿಗಳನ್ನು ಮತ್ತೊಬ್ಬನಿಗೆ ದಾಟಿಸಿ ಅಲ್ಲೇ ಬ್ಯಾಂಡೇಜ್ ಬಿಚ್ಚಿ ಎಸೆದ. ಕೊನೆಗೆ ನಾಲ್ಕಣ್ಣನನ್ನು ಯಾರೂ ಏನೂ ಕೇಳಲಿಲ್ಲ. ಕೇಳುವುದಕ್ಕೆ ಏನೂ ಉಳಿದಿರಲಿಲ್ಲ.

ಕಚೇರಿಯ ಲೆಕ್ಕದಲ್ಲಿ ಈಗ ಅವನು ಒಂಬತ್ತಣ್ಣ, ನಮಗೆ ಮಾತ್ರ ನಾಲ್ಕಣ್ಣನೇ. ಮೊದಲ ದಿನ ಅವನು ಗುಡ್ಡದ ತುದಿ ಮುಟ್ಟಿದಾಗ ಮೂರೂವರೆಯಾಗಿತ್ತು. ಎಂಬತ್ತನೇ ಮೆಟ್ಟಿಲ ಹೆಂಗಸು ಕೂರಲು ಮಣೆ ಕೊಟ್ಟಿದ್ದಳು, ನೂರ ಮೂವತ್ತನೇ ಮೆಟ್ಟಿಲ ಮಕ್ಕಳು ಹಿಂದಿನಿಂದ ತಳ್ಳಿದ್ದರು. ತುದಿಯ ಮನೆಯಲ್ಲಿ ರೈಲು ಗಾರ್ಡ್ ಆಗಿ ನಿವೃತ್ತರಾದ ಒಬ್ಬ ಮುದುಕರು ಒಬ್ಬರೇ ಇದ್ದರು. ಜಗುಲಿಯಲ್ಲಿ ಗಡಿಯಾರ ಹಿಡಿದು ಕೂತಿದ್ದರು.

"ಮೂರೂವರೆ" ಎಂದರು. "ಆ ಹುಡುಗಿ ಹನ್ನೆರಡಕ್ಕೆ ಇಲ್ಲಿರ್ತಿದ್ದಳು."

"ಹನ್ನೆರಡಕ್ಕಾ?" ನಾಲ್ಕಣ್ಣ ಜಗುಲಿಯ ಕಂಬ ಹಿಡಿದುಕೊಂಡ. "ಮತ್ತೆ ಕಚೇರಿಗೆ ಬರೋದು ನಾಲ್ಕಾಗ್ತಿತ್ತಲ್ಲ?"

"ಇಳಿಯುವಾಗ ಮನೆಮನೆಯೋರೂ ಕೂರಿಸಿಕೊಂಡು ಕಾಗದ ಓದಿಸ್ತಾರೆ, ಉತ್ತರ ಬರೆಸ್ತಾರೆ. ಇಲ್ಲಿ ಅರ್ಧ ಜನಕ್ಕೆ ಕಣ್ಣು ಕಾಣಲ್ಲ. ಇನ್ಮೇಲೆ ನೀನು ಬರೀಬೇಕು." ಹೀಗೆಂದು ಒಂದು ಲಕೋಟೆ ಮುಂದೆ ಹಿಡಿದರು. "ತಗೋ, ಇದು ನಿಮ್ಮ ಪೋಸ್ಟ್ ಮಾಸ್ಟರಿಗೆ. ನಿನ್ನ ಮೇಲೆ ದೂರು. ಇವನು ಈ ಮೆಟ್ಟಿಲಿಗೆ ಆಗೋನಲ್ಲ, ಆ ಹುಡುಗಿಯನ್ನೇ ವಾಪಸ್ ಕಳಿಸಿ ಅಂತ, ನೀನು ಹತ್ತೋದನ್ನ ನೋಡ್ತಾನೇ ಬರೆದಿದ್ದೀನಿ."

ಒಂದು ಕ್ಷಣ ನಾಲ್ಕಣ್ಣನ ಜೀವ ಹಗುರವಾಯಿತು. ಈ ಕಾಗದ ಮುಟ್ಟಿದರೆ ಸಾಕು, ಮತ್ತೆ ಲಿಫ್ಟು, ಮತ್ತೆ ಸೋಫಾ. ತಲುಪಿಸುವುದು ತನ್ನ ಧರ್ಮವೂ ಹೌದು. ಆದರೆ ಆಸೆಗಣ್ಣಿನಿಂದ ಲಕೋಟೆಯನ್ನು ತಿರುಗಿಸಿ ನೋಡುತ್ತಿದ್ದವನ ಬಾಯಿಂದ ಬೇರೆಯೇ ಮಾತು ಬಂತು.

"ಇದಕ್ಕೆ ಸ್ಟಾಂಪಿಲ್ಲ, ಯಜಮಾನರೇ."

"ಎಲ್ಲಿ ಸಿಗತ್ತೆ?"

"ಕೆಳಗೆ."

ಇಬ್ಬರೂ ಮೆಟ್ಟಿಲ ಕಡೆ ನೋಡಿದರು. ಮುದುಕರು ಕೆಳಗಿಳಿದು ಆರು ವರ್ಷವಾಗಿತ್ತು.

"ನಾಳೆ ಬರುವಾಗ ಒಂದು ತಗೊಂಡು ಬಾ."

"ತರ್ತೀನಿ" ಎಂದ ನಾಲ್ಕಣ್ಣ.

ಮಾರನೆಯ ದಿನ ಮರೆತ. ಅದರ ಮಾರನೆಯ ದಿನವೂ ಮರೆತ. ಇಡೀ ದಿನ ಸ್ಟಾಂಪುಗಳ ನಡುವೆಯೇ ಬದುಕುವ ಮನುಷ್ಯ ಸತತ ಹದಿನಾರು ದಿನ ಒಂದು ಸ್ಟಾಂಪು ಮರೆತದ್ದು ಯಾಕೆ ಎಂದು ಕೇಳಿದರೆ ಅವನು ಮಂಡಿಯ ಮೇಲೆ ತಪ್ಪು ಹೊರಿಸುತ್ತಿದ್ದ. ತಾನು ದೂರಿಗೆ ಹೆದರಿದ್ದೋ, ಆ ಹುಡುಗಿ ಮತ್ತೆ ಮೆಟ್ಟಿಲು ಹತ್ತುವುದು ಬೇಡವೆನಿಸಿದ್ದೋ ಅವನಿಗೂ ಸರಿಯಾಗಿ ತಿಳಿದಿರಲಿಲ್ಲ. ದಿನವೂ ಕಳ್ಳನಂತೆ ಜಗುಲಿ ಹತ್ತುತ್ತಿದ್ದ. ಗಡಿಯಾರ ಮೂರು ತೋರಿಸಿತು, ಎರಡೂವರೆ ತೋರಿಸಿತು, ಒಂದು ದಿನ ಎರಡು ತೋರಿಸಿತು.

ಹದಿನೇಳನೇ ದಿನ ಮುದುಕರು ಏನೂ ಕೇಳಲಿಲ್ಲ. ಅದರಿಂದ ನಾಲ್ಕಣ್ಣನಿಗೆ ಇನ್ನಷ್ಟು ದಿಗಿಲಾಗಿ ತಾನೇ ಒಪ್ಪಿಸಿದ. "ಯಜಮಾನರೇ, ಸ್ಟಾಂಪು ಇವತ್ತೂ ಮರೆತೆ."

"ಮರೀಲಿ ಬಿಡು" ಎಂದರು ಮುದುಕರು, ಲಕೋಟೆಯಿಂದ ಗಾಳಿ ಬೀಸಿಕೊಳ್ಳುತ್ತಾ. "ಅವಳ ಮೇಲೆ ಬರೆದಾಗ ಅವಳು ಮೂರು ತಿಂಗಳು ಮರೆತಿದ್ದಳು."